ಬಟನ್ ಕಟ್ಟಿದ ಟ್ಯೂಬು, ಊದಿದ ಬೆರಳು

ಓದುಗರಿಗೆ ನಮಸ್ಕಾರ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನು, ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. ಈ ವಾರ ಆ ಬೆರಳು ಸಿಟ್ಟಿನಿಂದ ಅಕ್ಷರಗಳನ್ನು ಕುಟ್ಟುತ್ತಿದೆ.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಗಡಿನ ಪೀಸ್‌ಗಳನ್ನು ಒತ್ತಿ ಕತ್ತರಿಸುವ ಒಂದು ಪವರ್ ಪ್ರೆಸ್ ಇದೆ. ಎರಡು ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಯಾಕೆ? ಆಗ ಯಾವ ಕೈಯೂ ಮಿಷನ್ ಒಳಗೆ ಇರುವುದಿಲ್ಲ. ನಾವೇನು ಮಾಡುತ್ತೇವೆ? ಒಂದು ಬಟನ್ನನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟುತ್ತೇವೆ. (ಇದಕ್ಕೆ ನಮ್ಮಲ್ಲಿ ಜಾಣತನ ಅನ್ನುತ್ತಾರೆ.)

"ಒಂದ್ ಕೈಲಿ ಒತ್ತು ಗುರು, ಇನ್ನೊಂದ್ ಕೈಲಿ ಪೀಸ್ ಹಾಕು. ಟಾರ್ಗೆಟ್ ನಿಮ್ಮಪ್ಪ ಬಂದು ಮುಗಿಸ್ತಾನಾ?" ಇದು ಸೂಪರ್‌ವೈಸರ್ ಮಂತ್ರ.

ಕಳೆದ ತಿಂಗಳು ಆ ಪ್ರೆಸ್ ನಡೆಸುತ್ತಿದ್ದ ಕೊಪ್ಪಳದ ಬಸವರಾಜನ ಬಲಗೈ ತೋರುಬೆರಳು ಅದರಡಿ ಸಿಕ್ಕಿ ಜಜ್ಜಿಹೋಯಿತು. (ನಾನು ಟೈಪ್ ಮಾಡುವುದೂ ನನ್ನ ಅದೇ ಬೆರಳಲ್ಲಿ.)

ಮೂರನೇ ದಿನಕ್ಕೆ ಬೆರಳು ಬದನೆಕಾಯಿ. "ಜಜ್ಜಿದ್ದು ತುದಿ, ಬುಡದವರೆಗೂ ಯಾಕೆ ಮೇಡಂ ಊತ?" ಎಂದು ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳಿದೆ.

"ಜೀವಕೋಶ ಸಾಯೋಕೂ ಬೇರೆಬೇರೆ ದಾರಿ ಇದೆ ಕಣ್ರೀ," ಅಂದರು. "ಯಾವ ದಾರಿ ಅಂತ ಸಿಗ್ನಲ್ ಕೊಡೋ ಪ್ರೋಟೀನ್‌ಗಳಿವೆ. ಒಂದು ದಾರೀಲಿ ಕೋಶ ತಾನೇ ಮುದುಡಿ, ಚೂರಾಗಿ, ಸದ್ದಿಲ್ಲದೆ ಹೋಗುತ್ತೆ. ಅಕ್ಕಪಕ್ಕದವು ನುಂಗಿ ಸುಮ್ಮನಾಗ್ತವೆ. ಆ ದಾರಿ ನಡೆಸೋ ಪ್ರೋಟೀನನ್ನ ತಡೆದ್ರೆ, ಬೇರೆ ಪ್ರೋಟೀನ್‌ಗಳು ಕೋಶದ ಪೊರೆಗೆ ತೂತು ಹಾಕ್ಬಹುದು. ಆಗ ಕೋಶ ಊದಿ ಒಡೆದು, ಒಳಗಿರೋದೆಲ್ಲ ಚೆಲ್ಲುತ್ತೆ. ಜಜ್ಜಿದ ಕೋಶಾನೂ ಹಂಗೇ ಚೆಲ್ಲೋದು. ಸುತ್ತಲಿನ ಕೋಶಕ್ಕೆಲ್ಲ ಸುದ್ದಿ ಮುಟ್ಟುತ್ತೆ. ಊತ ಅಂದ್ರೆ ಆ ಗಲಾಟೇನೇ."

ಬೆರಳು ಉಳಿಯಲಿಲ್ಲ.

ಹೊಲಿಗೆ ಬಿಚ್ಚುವ ಮೊದಲೇ ಎಚ್‌ಆರ್ ಸಾಹೇಬರು ಕಾಗದ ತಂದರು. 'ನನ್ನ ಅಜಾಗರೂಕತೆಯೇ ಕಾರಣ. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.'

"ಸುಮ್ನೆ ಸೈನ್ ಹಾಕಪ್ಪ, ಗಲಾಟೆ ಬೇಡ."

ಬಸವರಾಜ ಎಡಗೈಯಲ್ಲಿ ಪೆನ್ನು ಹಿಡಿದು ಪಕ್ಕದಲ್ಲಿದ್ದ ನನ್ನತ್ತ ತಿರುಗಿದ. "ಹಾಕಿಬಿಡ್ತೀನ್ರೀ ಅಣ್ಣಾರ. ಒಂಬತ್ತು ಬೆರಳಿನವಗ ಜಗಳ ಯಾಕ?"

ಸದ್ದಿಲ್ಲದೆ ಮುದುಡಿ ಹೋಗುವುದು ಅಂದರೆ ಇದೇ ಅಲ್ಲವೇ? ಕೋಶ ಹಾಗೆ ಹೋದರೆ ದೇಹಕ್ಕೆ ಒಳ್ಳೆಯದು. ಇವನು ಹೋದರೆ ಯಾರಿಗೆ ಒಳ್ಳೆಯದು?

ಸಾಕ್ಷಿಯ ಜಾಗದಲ್ಲಿ ನನ್ನ ಹೆಸರಿತ್ತು. ನಾನು ಅಲ್ಲಿನ ಸ್ಟೋರ್‌ಕೀಪರ್. ಪೆನ್ನು ಕಿತ್ತುಕೊಂಡು ಬರೆದೆ: 'ಬಟನ್ ಕಟ್ಟಿತ್ತು. ಟ್ಯೂಬ್ ಕತ್ತರಿಸಿ ಕೊಟ್ಟವನು ನಾನೇ.'

"ತಲೆ ಕೆಟ್ಟಿದ್ಯೇನಯ್ಯಾ?" ಸಾಹೇಬರ ಮುಖ ಊದಿಕೊಂಡಿತು. ಬಸವರಾಜ ಸಹಿ ಹಾಕಲಿಲ್ಲ.

ನನಗೂ ನೋಟಿಸ್ ಬಂದಿದೆ. ಬರಲಿ. ನಿಮ್ಮ ಶೆಡ್ಡಿನಲ್ಲೂ ಹೀಗಾಗಿದ್ದರೆ ಬರೆದು ಕಳಿಸಿ, ಒಂದು ಪ್ರಶ್ನೆಗೆ ಮಾತ್ರ ತಪ್ಪದೆ ಉತ್ತರ ಕೊಡಿ.

ಅಲ್ಲಿ ಟ್ಯೂಬ್ ಕತ್ತರಿಸಿ ಕೊಡುವವರು ಯಾರು?