ಇಬ್ಬರಿಗೆ ಒಂದೇ ಚೆಂಡು

"ಅವ್ವಾ, ಪಾಲಣ್ಣಂಗೆ ಚೆಂಡು ಹೊಡೆಯಾಕೇ ಬರಲ್ವಂತೆ, ಹೌದಾ?"

ವೀರಮ್ಮ ತನ್ನ ದಿನಚರಿ ಪುಸ್ತಕ ಪಕ್ಕಕ್ಕಿಟ್ಟು ಮಗಳ ಜಡೆ ಹೆಣೆಯುತ್ತಿದ್ದಳು. ಬಾಗಿಲಲ್ಲಿ ಬೆಳಗಿನ ವರ್ತನೆ ಹಾಲು ಅಳೆಯುತ್ತಿದ್ದ ಪಾಲಣ್ಣನ ಕೈ ನಿಂತಿತು. ಚಿತ್ರದುರ್ಗದಾಚೆಯ ಗಣಿ ಕಾಲೊನಿಯಲ್ಲಿ ಎರಡು ದಿನದಿಂದ ಅದೇ ಮಾತು: ಪಾಲಣ್ಣ ಕೈಕೊಟ್ಟ, ಇಂಜಿನಿಯರ್ ಸಾಹೇಬರ ಗಾಲ್ಫ್ ಕಪ್ ಹೋಯಿತು.

ಹಿರೇಗುಂಟನೂರಿನ ಪಾಲಣ್ಣ ಕುರಿ ಕಾಯುತ್ತ ಬೆಳೆದವನು. ದಾರಿ ಬಿಟ್ಟ ಕುರಿಯ ಮುಂದೆ, ಅದಕ್ಕೆ ತಾಗದಂತೆ ಕಲ್ಲು ಬೀಳಿಸಿ ತಿರುಗಿಸುತ್ತಿದ್ದ ಕೈ ಅದು. ಗಣಿಯವರು ಗಾಲ್ಫ್ ಮೈದಾನ ಮಾಡಿದಾಗ ಸಾಹೇಬರುಗಳ ಗಾಲ್ಫ್ ಕೋಲಿನ ಚೀಲ ಹೊರಲು ಸೇರಿದ. ಬಿಡುವಿನಲ್ಲಿ ತಾನೂ ಹೊಡೆದು ಕಲಿತ. ತೋರಿಸಿದ ಗಿಡದ ಬುಡಕ್ಕೇ ಚೆಂಡು ಇಡುತ್ತಿದ್ದ.

ಹೋದ ವರ್ಷ, ಎಪ್ಪತ್ತಮೂರರಲ್ಲಿ, ಇಂಜಿನಿಯರ್ ಸಾಹೇಬರ ಹೊಸ ಚೆಂಡು ಕಾಣೆಯಾಯಿತು. "ಕಳ್ಳ ನನ್ಮಗನೇ, ಬಿಚ್ಚು" ಎಂದು ಎಲ್ಲರೆದುರು ಚೀಲ ಹೊತ್ತಿದ್ದ ಪಾಲಣ್ಣನ ಅಂಗಿ ಬಿಚ್ಚಿಸಿ ಕೊಡವಿಸಿದರು. ಬುತ್ತಿ ತಂದಿದ್ದ ಹೆಂಡತಿ ಚಿತ್ತಮ್ಮ ಬೇಲಿಯ ಪಕ್ಕ ನಿಂತು ನೋಡಿದಳು. ಸಂಜೆ ಚೆಂಡು ಸಾಹೇಬರ ಜೀಪಿನಲ್ಲೇ ಸಿಕ್ಕಿತು. "ಸಿಕ್ತಲ್ಲ, ಬಿಡು" ಎಂದರು, ಅಷ್ಟೆ.

ಮೊನ್ನೆ ನಡೆದ ಈ ವರ್ಷದ ಕಪ್ ಪಂದ್ಯ ಜೋಡಿಯದು. ಒಬ್ಬ ಅಧಿಕಾರಿ, ಒಬ್ಬ ಕೆಲಸಗಾರ, ಇಬ್ಬರಿಗೂ ಸೇರಿ ಒಂದೇ ಚೆಂಡು. ಸರದಿಯ ಮೇಲೆ ಹೊಡೆಯಬೇಕು. ಒಬ್ಬ ಬೀಳಿಸಿದ ಜಾಗದಿಂದಲೇ ಇನ್ನೊಬ್ಬ. ಸಾಹೇಬರು ಗೆಲ್ಲುವ ಆಸೆಗೆ ಪಾಲಣ್ಣನನ್ನೇ ಆರಿಸಿಕೊಂಡರು. ಅಂಗಿ ಬಿಚ್ಚಿಸಿದ್ದು ಅವರಿಗೆ ನೆನಪೇ ಇರಲಿಲ್ಲ.

ನೆನಪಿದ್ದವನು ಮೊದಲ ಹೊಡೆತವನ್ನೇ ಕತ್ತಾಳೆ ಬೇಲಿಗೆ ಕಳಿಸಿದ. ಸಾಹೇಬರು ಬಗ್ಗಿ, ತೆವಳಿ, ಹೇಗೋ ಹೊಡೆದು ಹೊರಬಂದರು. ಮುಂದಿನದು ಗಣಿಯ ಕೆಂಪು ಕೆಸರಿಗೆ. ಅಲ್ಲಿಂದಲೂ ಎದ್ದರು. ಕೊನೆಯದು ಜಾಲಿ ಮೆಳೆಯ ನಟ್ಟನಡುವಿಗೆ. ಮುಳ್ಳು ಕಚ್ಚಿದ ಅಂಗಿ ಬಿಡಿಸಿಕೊಳ್ಳಲಾಗದೆ ಸಾಹೇಬರು ಅದನ್ನು ಬಿಚ್ಚಿಯೇ ಈಚೆ ಬರಬೇಕಾಯಿತು, ಎಲ್ಲರೆದುರು. ಪಾಲಣ್ಣ ಒಳಹೋಗಿ ಅಂಗಿ ಬಿಡಿಸಿ ತಂದ. ಚೆನ್ನಾಗಿ ಕೊಡವಿ ಕೈಗಿತ್ತ.

ಇಷ್ಟನ್ನೂ ಹೇಳಿ ಅವನು ಹೊಸ್ತಿಲಲ್ಲಿ ಕುಂತ.

"ಇಷ್ಟು ಮಾಡೀನಿ. ಆ ಸಾಹೇಬ 'ಪಾಪ, ಕೈ ಕೆಟ್ಟೈತೆ ನಿಂದು' ಅಂತ ಬೆನ್ನು ತಟ್ಟಿದ ಕಣವ್ವ! ಅವ್ನು ತಟ್ಟಿದ ಜಾಗ ಇನ್ನೂ ಉರೀತೈತೆ."

"ಸುಮ್ನಿರಪ್ಪ. ಬೇಕಂತ ಮಾಡಿದ್ದು ಅವ್ರಿಗೆ ಗೊತ್ತಾಗ್ದಿದ್ದಕ್ಕೇ ನಿನ್ ಕೆಲಸ ಉಳ್ದೈತೆ," ಎಂದಳು ವೀರಮ್ಮ.

"ಹೋದ್ರೆ ಹೋಗ್ಲಿ, ಕುರಿ ಅವೆ. ಅವ್ನಿಗೆ ಗೊತ್ತಾಗ್ದಿದ್ರೆ ಅದೇನು ಸೇಡು? ನಂಗೆ ಅಕ್ಷರ ಬರಲ್ಲ. ದಿನಾ ಬರೀತೀರಲ್ಲ, ಆ ಪುಸ್ತಕದಾಗೆ ಒಂದು ಹಾಳೆ ಹರೀರಿ. ಪಾಲಣ್ಣನ ಗುರಿ ಒಂದೂ ತಪ್ಪಿಲ್ಲ ಅಂತ ಸಾಹೇಬಂಗೆ ಬರ್ಕೊಡ್ರವ್ವ. ಹೆಸ್ರು ದಪ್ಪಕ್ಷರದಾಗೆ ಹಾಕ್ರಿ."