ಬೇಬಿ ಕಾರಿಗೆ ಕಟ್ಟಿದ ಓದು

ನಮ್ಮ ಮನೆಯಲ್ಲಿ ನನ್ನ ಓದನ್ನು ಒಂದು ಕಾರಿಗೆ ಕಟ್ಟಿಹಾಕಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಹೇಳಿದ್ದು ಇಷ್ಟು: "ಕಾಲೇಜಿಗೆ ಸೇರಿಸ್ತೀನಿ. ಆದ್ರೆ ಬೆಳೆದ ಹುಡುಗಿ ಬೀದೀಲಿ ನಡಕೊಂಡು ಹೋಗೋದು ಬೇಡ. ಹೇಗೂ ಕಾರು ತಗೋತಿದ್ದೀನಲ್ಲ, ಅದ್ರಲ್ಲೇ ಬಿಟ್ಟು ಬರ್ತೀನಿ." ಕೃಷ್ಣಮೂರ್ತಿಪುರಂನ ನಮ್ಮ ಮನೆಯಿಂದ ಕಾಲೇಜು ಏನು ಕಾಶಿಯಷ್ಟು ದೂರವೆ? ಮಾತಾಡುತ್ತಾ ಹೊರಟರೆ ಮಾತು ಮುಗಿಯುವ ಮೊದಲೇ ಗೇಟು ಬರುತ್ತದೆ. ಆದರೂ ನನಗೆ ಆಗ ಸಿಟ್ಟು ಬರಲಿಲ್ಲ. ಓದಲು ಬಿಟ್ಟರೆ ಸಾಕಾಗಿತ್ತು.

ಕಾರು ಬಂತು. ಚಿಕ್ಕದು, ಹೊಚ್ಚ ಹೊಸದು. ಬೇಬಿ ಕಾರು ಎನ್ನುತ್ತಿದ್ದರು ಜನ. ಹಿಂದೆ ಕೂತವರು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡೇ ಕೂರಬೇಕು. ಅಮ್ಮ ಅದಕ್ಕೆ ಆರತಿ ಎತ್ತಿದಳು. ಅಪ್ಪ ಅರಮನೆಯ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದರು. ಸರಿಗೆ ಪೇಟ, ಉದ್ದ ಕೋಟು ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಅದೇ ವೇಷದಲ್ಲಿ ಕಾರು ನಡೆಸುವುದನ್ನೂ ಕಲಿತರು.

ತೊಂದರೆ ಇದ್ದದ್ದು ಕಾರು ಹೊರಡಿಸುವುದರಲ್ಲಿ. ಮೂತಿಯ ಮುಂದೆ ಬಗ್ಗಿ, ಕಬ್ಬಿಣದ ಹ್ಯಾಂಡಲ್ ತೂರಿಸಿ, ಬಲವಾಗಿ ತಿರುಗಿಸಬೇಕು. ಮನೆಯಲ್ಲಿ ಆ ಕೆಲಸ ತೋಟದ ಆಳಿನದು. ಕಂಡವರ ಮನೆ ಮುಂದೆ ಆಳೆಲ್ಲಿಂದ ಬರಬೇಕು? ಪೇಟ ಸುತ್ತಿದ ತಲೆಯನ್ನು ನಾಲ್ಕು ಜನ ನೋಡುವಂತೆ ಬಗ್ಗಿಸಿ ಏದುಸಿರು ಬಿಡುವುದೆಂದರೆ ಅಪ್ಪನಿಗೆ ಮಾನ ಹೋದ ಹಾಗೆ. ಅದಕ್ಕೆ ಅವರು ಎಂಜಿನ್ನನ್ನು ಆರಿಸುತ್ತಲೇ ಇರಲಿಲ್ಲ.

ಚಾಮರಾಜಪುರಂನ ಸ್ನೇಹಿತರ ಮನೆಯಲ್ಲಿ ಕಾಫಿ ಆಗಿ, ಎಲೆಅಡಿಕೆ ಆಗಿ, ದರ್ಬಾರಿನಲ್ಲಿ ಕೂರಲು ಯಾರಿಗೆ ಯಾವ ಸಾಲು ಸಿಕ್ಕಿತು ಎಂಬ ಘನ ಚರ್ಚೆ ಮುಗಿಯುವವರೆಗೂ ಕಾರು ಗೇಟಿನ ಹೊರಗೆ ಗಡಗಡ ನಡುಗುತ್ತಾ ನಿಂತಿರುತ್ತಿತ್ತು. ಮದುವೆ ಊಟಕ್ಕೆ ಹೋದರೂ ಅದೇ ಕತೆ. ಎಲೆಯ ಮುಂದೆ ಕೂತವರು "ಯಾರ್ದ್ರೀ ಕಾರು?" ಎಂದರೆ ಅಪ್ಪನ ಮುಖ ಹೋಳಿಗೆಗಿಂತ ಅಗಲವಾಗುತ್ತಿತ್ತು. ಬೇಸಿಗೆಯಲ್ಲಿ ಅದರ ಮೂತಿಯಿಂದ ಹಬೆ ಏಳುವುದನ್ನು ನೋಡಲಾರದೆ ಒಮ್ಮೆ ಹೇಳಿಯೇಬಿಟ್ಟೆ: "ಆರಿಸಿಬಿಡಿ ಅಪ್ಪಾ, ಹೊರಡುವಾಗ ನಾನು ತಿರುಗಿಸ್ತೀನಿ."

"ನೀನಾ? ಬೀದೀಲಿ?" ಎಂದರು. ಅಲ್ಲಿಗೆ ಮಾತು ಮುಗಿಯಿತು.

ವರ್ಷ ತುಂಬುವ ಮೊದಲೇ, ಅದೇ ಸ್ನೇಹಿತರ ಮನೆಯ ಮುಂದೆ, ಕಾರಿನ ಸದ್ದು ಬದಲಾಯಿತು. ತಗಡಿನ ಡಬ್ಬಿಗೆ ಕಲ್ಲು ಹಾಕಿ ಕುಲುಕಿದಂತೆ ಬಡಿದುಕೊಂಡು, ಒಮ್ಮೆ ಕಿರ್ರೆಂದು ನಿಂತುಹೋಯಿತು. ಎತ್ತಿನ ಗಾಡಿಗೆ ಹಗ್ಗ ಬಿಗಿದು ಮನೆಗೆ ಎಳೆಸಿದರು. ಅಪ್ಪ ರಸ್ತೆಯ ಆಚೆ ಬದಿಯಲ್ಲಿ, ಆ ಕಾರನ್ನು ಕಂಡೇ ಇಲ್ಲದವರ ಹಾಗೆ ನಡೆದುಬಂದರು.

ಮಾರನೆಯ ದಿನ ರಿಪೇರಿಯವನು ಬಂದು ನೋಡಿದ. "ಎಣ್ಣೆ ಬತ್ತೋಗದೆ ಸ್ವಾಮಿ. ಒಳಗೆಲ್ಲ ಉಜ್ಜಿ ಉಜ್ಜಿ ಹಾಳಾಗೋಗದೆ. ಇಷ್ಟು ಬೇಗ ಇಂಗಾಗಬಾರ್ದಿತ್ತು. ನಿಂತಾಗ್ಲೂ ಇಂಜಿನ್ ಆರಿಸ್ತಿರ್ನಿಲ್ವಾ?"

ಕಿಟಕಿಯ ಹಿಂದೆ ನಿಂತಿದ್ದ ನನಗೆ ಅಪ್ಪನ ಉತ್ತರ ಸ್ಪಷ್ಟವಾಗಿ ಕೇಳಿಸಿತು. "ಏನ್ಮಾಡೋದಪ್ಪ, ಮಗಳನ್ನ ದಿನಾ ಕಾಲೇಜಿಗೆ ಬಿಟ್ಟು ಕರಕೊಂಡು ಬಂದು ಸವೆದುಹೋಯ್ತು."

ಆ ಮಾತು ನೆಂಟರಿಷ್ಟರ ಮನೆಗಳಿಗೆಲ್ಲ ಕಾರಿಗಿಂತ ಚೆನ್ನಾಗಿ ಓಡಿತು. ಸೋದರತ್ತೆ ಬಂದವಳು ನನ್ನ ಗಲ್ಲ ಹಿಂಡಿ, "ಏನೇ, ಪುಸ್ತಕದ ಜೊತೆ ಕಾರನ್ನೂ ಓದಿ ಮುಗಿಸ್ಬುಟ್ಟೆಯಂತಲ್ಲೇ!" ಎಂದು ನಕ್ಕಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ರಿಪೇರಿಗೆ ಅಪ್ಪ ಮನಸ್ಸು ಮಾಡಲಿಲ್ಲ. "ನಾನು ನಡಕೊಂಡೇ ಹೋಗ್ತೀನಿ ಅಪ್ಪಾ. ಜೊತೆಗೆ ಅಮ್ಮನ್ನ ಬೇಕಾದ್ರೆ ಕಳಿಸಿ" ಎಂದು ಅಂಗಲಾಚಿದೆ.

"ಕಾರಲ್ಲಿ ಹೋಗ್ತಿದ್ದವಳು ಈಗ ನಡೆದ್ರೆ ಜನ ಏನಂದ್ಕೋತಾರೆ? ಮೊದಲಿಂದ್ಲೂ ನಡೀತಿದ್ದಿದ್ರೆ ಆ ಮಾತು ಬೇರೆ."

ಹೀಗೆಂದು ಅಪ್ಪ ಕೊಡೆ ಹಿಡಿದು, ಆ ಬೀದಿಯಲ್ಲೇ, ಎಲ್ಲರ ನಮಸ್ಕಾರ ತೆಗೆದುಕೊಳ್ಳುತ್ತಾ ಕಚೇರಿಗೆ ನಡೆದುಹೋದರು. ಅವರ ಮಾನದ ಒಂದು ಕೂದಲೂ ಕೊಂಕಲಿಲ್ಲ. ನನ್ನ ಹೆಸರನ್ನು ಕಾಲೇಜಿನವರು ಹೊಡೆದುಹಾಕಿದರು. ಅಮ್ಮ ನನಗೆ ಹಪ್ಪಳ ಲಟ್ಟಿಸಲು ಕೊಟ್ಟಳು.

ಆಮೇಲೆ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಓದು ಯಾಕೆ ನಿಲ್ಲಿಸಿದಿರಿ ಎಂದು ಹುಡುಗನ ತಂದೆ ಕೇಳಿದರು. ನಾನು ತಲೆ ತಗ್ಗಿಸಿ ಉಪ್ಪಿಟ್ಟಿನ ತಟ್ಟೆ ಇಡುತ್ತಿದ್ದೆ. ಅಪ್ಪ ಒಂದಿಷ್ಟೂ ತಡವರಿಸದೆ, "ಅವಳಿಗೇ ಮನಸ್ಸಿರ್ಲಿಲ್ಲ ಕಣ್ರೀ. ನಾವು ಕಾರಲ್ಲಿ ಕಳಿಸಿದ್ವಿ, ಆದ್ರೂ ಬೇಡ ಅಂದ್ಬುಟ್ಲು" ಎಂದರು. ಬಾಯಿ ತೆರೆದರೆ ಮದುವೆಯೂ ಮುರಿಯುತ್ತದೆ, ಅಮ್ಮನೂ ಅವಮಾನದಿಂದ ಸಾಯುತ್ತಾಳೆ ಎಂದು ತುಟಿ ಕಚ್ಚಿಕೊಂಡೆ.

ಮದುವೆಯಾಗಿ ಕೆಲವು ಕಾಲವಾದ ಮೇಲೆ ಒಂದು ದಿನ ಧೈರ್ಯ ಮಾಡಿ, ಮನೆಯಲ್ಲೇ ಓದಿ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕಟ್ಟುತ್ತೇನೆ ಎಂದು ಗಂಡನನ್ನು ಕೇಳಿದೆ. ಅವರು ಕೆಟ್ಟವರಲ್ಲ. ನಗುತ್ತಲೇ, "ಕಾರಲ್ಲಿ ಕಳಿಸಿದ್ರೂ ಬೇಡ ಅಂದವಳಲ್ವೇ ನೀನು? ಈಗ್ಯಾಕೆ ಆ ಹುಚ್ಚು?" ಎಂದರು. ನಡೆದದ್ದನ್ನೆಲ್ಲ ಹೇಳಿದೆ, ಹೇಳುತ್ತಾ ಅತ್ತುಬಿಟ್ಟೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

"ಛೆ, ಹಾಗೆಲ್ಲ ಅನ್ಬಾರ್ದು ಕಣೇ" ಎಂದರು. "ನಿಮ್ಮಪ್ಪನಂಥ ಮರ್ಯಾದಸ್ಥರು ಸುಳ್ಳು ಹೇಳ್ತಾರೇನೇ?"