ಹೆಜ್ಜೆಯಡಿ ಸಿಕ್ಕ ಸಜ್ಜೆ

ನಾನು ಚಿಕ್ಕವನಿದ್ದಾಗ ಕುಣಿದು ಒಂದು ಪಟ್ಟಿ ಹೊಲ ಕೆಡಿಸಿದೆ. ದನ ನುಗ್ಗಿ ಮೇಯ್ದು ಕೆಡಿಸುವುದುಂಟು, ಹಂದಿ ಬಂದು ಅಗೆದು ಕೆಡಿಸುವುದುಂಟು. ಕುಣಿದು ಕೆಡಿಸಿದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ಹೇಳಿದರೆ ನೀವು ನಕ್ಕು ಕಥೆ ನಿಲ್ಲಿಸುತ್ತೀರಿ, ಒಮ್ಮೆ ಕೂತದ್ದು ಮತ್ತೆ ಏಳುವುದು ಈ ವಯಸ್ಸಿನಲ್ಲಿ ಕಥೆಗೂ ಕಷ್ಟ, ನನ್ನ ಮೊಣಕಾಲಿಗೂ ಕಷ್ಟ.

ಆಗ ನನಗೆ ಒಲಿದಿದ್ದ ವಿದ್ಯೆ ಒಂದೇ: ಇನ್ನೊಬ್ಬರ ಹಾಗೆ ನಡೆಯುವುದು. ಊರ ಗೌಡರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುವುದು, ಶಾಲೆಯ ಮಾಸ್ತರರು ಕೆಂಡ ತುಳಿದವರಂತೆ ಪಟಪಟ ಹೆಜ್ಜೆ ಹಾಕುವುದು, ಪಕ್ಕದ ಹೊಲದ ಕಾಕಾ ಎಡಗಾಲನ್ನು ಸ್ವಲ್ಪ ಎಳೆಯುವುದು, ಎಲ್ಲವೂ ನನ್ನ ಕಾಲಲ್ಲಿದ್ದವು. ನನ್ನ ಸ್ವಂತ ನಡಿಗೆ ಹೇಗಿತ್ತು ಎಂದು ಕೇಳಬೇಡಿ. ಅದನ್ನು ನಡೆಯಲು ನನಗೆ ಪುರಸೊತ್ತೇ ಇರಲಿಲ್ಲ.

ಮುಂಡರಗಿ ಕಡೆ ನಮ್ಮದೊಂದು ಮಸಾರಿ ಹೊಲವಿತ್ತು, ಕೆಂಪು ಮಣ್ಣಿನದು. ಆ ವರ್ಷ ಅದರ ಅಂಚಿನ ಒಂದು ಪಟ್ಟಿಯನ್ನು ಅಪ್ಪ ಅಕ್ಕನಿಗೆ ಬಿಟ್ಟುಕೊಟ್ಟಿದ್ದ. ಅಕ್ಕ ಹಿಂದಿನ ಸುಗ್ಗಿಯಲ್ಲೇ ದಪ್ಪ ದಪ್ಪ ಸಜ್ಜೆ ತೆನೆಗಳನ್ನು ಆರಿಸಿ, ಕಾಳು ಬಿಡಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ಕಟ್ಟಿಟ್ಟಿದ್ದಳು. ಅಷ್ಟನ್ನೂ ಬಿತ್ತಿದಳು, ಮತ್ತೆ ಬಿತ್ತಲು ಗಡಿಗೆಯಲ್ಲಿ ಬೂದಿ ಮಾತ್ರ ಉಳಿದಿತ್ತು. ಪಟ್ಟಿ ಚೆನ್ನಾಗಿ ಎದ್ದರೆ ಮುಂದಿನ ವರ್ಷ ದೊಡ್ಡ ಹೊಲದ ಬಿತ್ತಿಗೆಯಲ್ಲಿ ಕೂರಿಗೆಯ ಬಟ್ಟಲು ಅವಳದು ಎಂದು ಅಪ್ಪ ಮಾತು ಕೊಟ್ಟಿದ್ದ. ಎತ್ತುಗಳು ಕೂರಿಗೆ ಎಳೆಯುವಾಗ ಅದರ ಮೇಲಿನ ಮರದ ಬಟ್ಟಲಿಗೆ ಬೀಜ ಬಿಡುತ್ತ ನಡೆಯುವುದು ಸಣ್ಣ ಕೆಲಸವಲ್ಲ. ಮುಷ್ಟಿ ಬಿಗಿಯಾದರೆ ಸಾಲು ಬೋಳು, ಸಡಿಲಾದರೆ ಪೈರು ಒಂದನ್ನೊಂದು ತಿನ್ನುತ್ತದೆ. ಅಕ್ಕನಿಗೆ ಹಬ್ಬದ ಸೀರೆಗಿಂತ ಆ ಬಟ್ಟಲೇ ಬೇಕಾಗಿತ್ತು.

ಬಿತ್ತಿದ ಮರುದಿನ ಮಳೆ ಬಂತು, ಗುದ್ದಿ ಗುದ್ದಿ ಬಂತು. "ಹೊಲ ಹಸಿ ಐತಿ, ಯಾರೂ ಕಾಲಿಡಬ್ಯಾಡ್ರಿ," ಎಂದ ಅಪ್ಪ. ನಾನು ಕೇಳಿಸಿಕೊಂಡೆ. ಆದರೆ ಹೊಲದಂಚಿನ ಮಣ್ಣಿನ ಒಡ್ಡಿನ ಜಾಲಿ ಗಿಡದ ಕೆಳಗೆ ಕುರಿ ಕಾಯುವ ಹುಡುಗರು ನಿಂತಿದ್ದರು, "ಗೌಡರ ನಡಿಗಿ ತೋರಸಲೇ," ಎಂದರು. ಒಡ್ಡು ಗೌಡರಿಗೆ ಸಾಲದಷ್ಟು ಕಿರಿದು. ಎದುರಿಗೆ ಅಕ್ಕನ ಪಟ್ಟಿ ತೊಳೆದ ಅಂಗಳದಂತೆ ಹೊಳೆಯುತ್ತಿತ್ತು. ಇಳಿದೆ. ಊರಿನ ಹಿರಿಯರೆಲ್ಲ ಒಬ್ಬರ ಹಿಂದೊಬ್ಬರು ಆ ಪಟ್ಟಿಯ ಮೇಲೆ ಕುಣಿಯುತ್ತ ನಡೆದರು.

ಆಮೇಲೆ ಬಿಸಿಲು ಬಿತ್ತು. ಗಾಯದ ಮೇಲೆ ಹಕ್ಕಳೆ ಕಟ್ಟುವಂತೆ ಮಣ್ಣಿನ ಮೇಲ್ಪದರ ಬಿಗಿಯಿತು. ಅಪ್ಪ ಜಾಲಿಯ ಮುಳ್ಳುಟೊಂಗೆಯನ್ನು ಎತ್ತಿಗೆ ಕಟ್ಟಿ ಹೊಲದ ತುಂಬ ಎಳೆಸಿ ಆ ಹಕ್ಕಳೆಯನ್ನು ಒಡೆದ. ಮೂರ್ನಾಲ್ಕು ದಿನ ಬಿಟ್ಟು ನಾವು ಮೂವರೂ ನೋಡಲು ಹೋದೆವು. ದೊಡ್ಡ ಹೊಲದಲ್ಲಿ ಹಸಿರು ಸೂಜಿಗಳು ಸಾಲುಸಾಲಾಗಿ ಎದ್ದಿದ್ದವು. ಅಕ್ಕ ಓಡಿಹೋಗಿ ತನ್ನ ಪಟ್ಟಿಯ ಎದುರು ನಿಂತಳು. ನಿಂತೇ ಇದ್ದಳು.

ಪಟ್ಟಿಯಲ್ಲಿ ಅಲ್ಲಲ್ಲಿ ಹಸಿರಿತ್ತು. ಉಳಿದೆಡೆ ಮುಳ್ಳುಟೊಂಗೆಗೂ ಜಗ್ಗದ, ಇಟ್ಟಿಗೆಯಂತೆ ಸುಟ್ಟುಕೊಂಡ ಹೆಜ್ಜೆಗಳು.

ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದ. "ಹಿಮ್ಮಡಿ ಆಳಕ್ಕ ಇಳದೈತಿ. ಇವರು ಗೌಡ್ರು. ಇವು ಒತ್ತೊತ್ತಾಗಿ ಅದಾವ, ಮಾಸ್ತರು. ಇಲ್ಲಿ ಕಾಲು ಎಳದೈತಿ, ಕಾಕಾ ಬಂದಾನ." ನನ್ನ ಕಡೆ ತಿರುಗಿದ. "ಎಲ್ಲಾರೂ ಸಣ್ಣ ಹುಡುಗನ ಕಾಲ ಇಸಗೊಂಡು ಬಂದಾರಲ್ಲಲೇ?"

ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು. ಹೊಡೆಯಲಿಲ್ಲ. ಉಗುರಿನಿಂದ ಒಂದು ಹೆಜ್ಜೆಯ ಅಂಚು ಎಬ್ಬಿಸಿ ತೋರಿಸಿದ. ಕೆಳಗೆ ಮೊಳಕೆಯಿತ್ತು! ಮೇಲೆ ದಾರಿ ಸಿಗದೆ ಅಡ್ಡಡ್ಡ ಹರಿದು, ಬಿಳಿಚಿ, ಸುರುಳಿ ಸುತ್ತಿಕೊಂಡಿತ್ತು. "ಬೀಜದಾಗ ಒಂದೀಟು ಬುತ್ತಿ ಇರ್ತೈತಿ. ಅದು ತೀರೂದ್ರಾಗ ಬೆಳಕಿಗೆ ಬರಬೇಕು, ಬಂದ್ರ ತನ್ನ ಅಡಗಿ ತಾ ಮಾಡಕೊಂತೈತಿ. ಇವುಗಳ ಬುತ್ತಿ ತೀರಾಕ ಬಂದೈತಿ. ಇವತ್ತ ಎಬ್ಬಿಸಿದ್ರ ಆತು," ಎಂದು ಎದ್ದು ತನ್ನ ಕೆಲಸಕ್ಕೆ ಹೋದ.

ಅಕ್ಕ ಕೊಡ ತೆಗೆದುಕೊಂಡಳು. ಹಳ್ಳದಿಂದ ನೀರು ತರಬೇಕು, ಹೆಜ್ಜೆಯ ಮೇಲೆ ಚಿಮುಕಿಸಬೇಕು, ಮಣ್ಣು ನೆನೆಯುವ ತನಕ ಕಾಯಬೇಕು, ಆಮೇಲೆ ಕಡ್ಡಿಯಿಂದ ಮೆಲ್ಲಗೆ ಸಡಿಲಿಸಬೇಕು. ನನಗೆ ತಾಳ್ಮೆ ಎಲ್ಲಿ? ಗೌಡರನ್ನು ಒಮ್ಮೆಗೇ ಮುಗಿಸೋಣವೆಂದು ಇಡೀ ಕೊಡ ಬೋರಲು ಹಾಕಿದೆ.

"ಲೇ ಹುಚ್ಚಾ, ತುಳದು ಕೊಂದದ್ದು ಸಾಲದಂತ ಮುಳುಗಿಸಿ ಕೊಲ್ತಿಯೇನು?" ಎಂದಳು ಅಕ್ಕ. "ಅದಕ್ಕ ಉಸಿರಾಡಾಕ ಬ್ಯಾಡೇನು?" ಆ ದಿನ ಅವಳು ಆಡಿದ ಮೊದಲ ಮಾತು ಅದು. ತಗ್ಗಿನಲ್ಲಿ ಮಳೆನೀರು ನಿಂತಿದ್ದ ಒಂದು ಹೆಜ್ಜೆಯನ್ನು ಕೆದಕಿ ನನ್ನ ಮೂಗಿನ ಹತ್ತಿರ ಹಿಡಿದಳು. ಕೊಳೆತ ಕಾಳಿನ ಹುಳಿ ವಾಸನೆ. ಆಮೇಲೆ ನಾನೂ ಚಿಮುಕಿಸುವುದನ್ನು ಕಲಿತೆ.

ಬೆಳಿಗ್ಗೆಯೆಲ್ಲ ಗೌಡರಲ್ಲಿ ಕಳೆಯಿತು. ಮಾಸ್ತರರ ಹೆಜ್ಜೆಗಳು ಎಷ್ಟು ಒತ್ತಾಗಿದ್ದವೆಂದರೆ ಬುತ್ತಿಯ ರೊಟ್ಟಿ ತಿಂದ ಮೇಲೂ ಅವರು ಮುಗಿಯಲಿಲ್ಲ. ಬೆನ್ನು ಬಿಲ್ಲಾಯಿತು, ಉಗುರಿನ ಸಂದಿಗೆ ಕೆಂಪು ಮಣ್ಣು ಸೇರಿ ಉರಿಯಿತು, ದೂರದ ಕಪ್ಪತಗುಡ್ಡ ಬಿಸಿಲಿಗೆ ನಡುಗಿದಂತೆ ಕಂಡಿತು. ಯಾರನ್ನಾದರೂ ಅಣಕಿಸುವುದು ಎಷ್ಟು ಸುಲಭ, ಆ ಹೆಜ್ಜೆ ಅಳಿಸುವುದಕ್ಕೆ ಎಷ್ಟು ಹೊತ್ತು!

ಇಳಿಹೊತ್ತಿಗೆ ಕಾಕಾ ಒಡ್ಡಿನ ಮೇಲೆ ಬಂದ. "ಏನ್ ಕಳದೈತಬೇ ತಂಗಿ? ಮುಂಜಾನಿಂದ ಬಗ್ಗೇ ಇದ್ದೀರಲ್ಲ?"

"ಕಳದಿಲ್ರೀ ಕಾಕಾ," ಎಂದಳು ಅಕ್ಕ. "ನೀವು ಇಲ್ಲಿ ಹಾದು ಹೋಗೀರಿ. ಅದನ್ನ ಅಳಸಾಕತ್ತೇವಿ."

ಕಾಕಾ ಹೆಜ್ಜೆ ನೋಡಿದ, ನನ್ನ ಮುಖ ನೋಡಿದ. ನಾನು ಭೂಮಿಯೊಳಗೆ ಇಳಿಯಲು ನೋಡಿದೆ, ಅದು ಬಿಗಿದುಕೊಂಡಿತ್ತು. "ಎಡಗಾಲು ಬರೋಬ್ಬರಿ ಬಂದೈತಿ," ಎಂದ ಕಾಕಾ. "ಆದ್ರ ನಾ ಹಸಿ ಹೊಲದಾಗ ಒಡ್ಡು ಬಿಟ್ಟು ಇಳಿಯಾಂವಲ್ಲ. ಅದನ್ನ್ಯಾಕ ಕಲೀಲಿಲ್ಲೋ ತಮ್ಮಾ?" ಎಂದು ತನ್ನ ಪಾಡಿಗೆ ನಡೆದ.

ಕೊನೆಗೆ ಉಳಿದದ್ದು ಒಡ್ಡಿನ ಪಕ್ಕದ ಒಂದು ಸಾಲು. ಒಂದು ಹೆಜ್ಜೆ ಹಗುರ, ಒಂದು ಭಾರ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. "ಇದ್ಯಾರು?" ನಾನು ಕಡ್ಡಿಯಿಂದ ಮಣ್ಣು ಕೆದಕಿದೆ. "ಕೊಡ ಹೊತ್ತಾಗ ನಾ ಹಿಂಗ ನಡೀತೇನೇನೋ?" ನಗಲೂ ಇಲ್ಲ, ಬೈಯಲೂ ಇಲ್ಲ. ಕೊಡ ಸೊಂಟಕ್ಕೇರಿಸಿ ಮತ್ತೆ ಹಳ್ಳಕ್ಕೆ ಹೋದಳು. ಹಿಂದಿನಿಂದ ನೋಡಿದೆ. ದಿನವಿಡೀ ನೀರು ಹೊತ್ತು ಅವಳ ನಡಿಗೆ ಬೇರೆಯೇ ಆಗಿತ್ತು. ಎರಡು ಕಾಲೂ ಭಾರ. ಆ ನಡಿಗೆಯನ್ನು ಮಾತ್ರ ನಾನು ಎಂದೂ ನಡೆದು ತೋರಿಸಲಿಲ್ಲ.

ಈಗ ಮೊಮ್ಮಕ್ಕಳಾದ ನೀವು ಬೆಟಗೇರಿಯ ಮನೆಯಲ್ಲಿ ಶಾಲೆಯವರು ಹೇಳಿದರೆಂದು ಕಾಗದದ ಲೋಟಗಳಲ್ಲಿ ಹೆಸರುಕಾಳು ಹಾಕಿದ್ದೀರಿ. ಕಪಾಟಿನ ಕತ್ತಲಲ್ಲಿಟ್ಟದ್ದು ಹಳದಿಯಾಗಿ ಉದ್ದಕ್ಕೆ ಬೆಳೆದು ಬಾಗಿದೆ, ನೀರು ತುಂಬಿಸಿದ್ದು ನಾರುತ್ತಿದೆ, ಒಣಗಿಸಿಟ್ಟದ್ದು ಕಾಳಾಗಿಯೇ ಕೂತಿದೆ, ಬಿಸಿಲಲ್ಲಿ ಹದವಾಗಿ ತೇವ ಕಂಡದ್ದು ಗಿಡ್ಡಗಿದ್ದರೂ ಹಸಿರಾಗಿದೆ. ಮಣ್ಣಿನ ಬದಲು ನೀವು ಬಳಸಿದ ತೆಂಗಿನ ನಾರಿನ ಪುಡಿ ಎಷ್ಟು ಒಣಗಿದರೂ ಇಟ್ಟಿಗೆಯಾಗದು. ಕೆಟ್ಟರೆ ಅಡುಗೆಮನೆಯ ಡಬ್ಬಿಯಲ್ಲಿ ಮತ್ತೊಂದು ಹಿಡಿ ಕಾಳು ಇದ್ದೇ ಇದೆ. ಫೋಟೋ ತೆಗೆದು ಕಳಿಸಿದರೆ ಮುಗಿಯಿತು. ಒಳ್ಳೆಯದೇ. ನೀವು ಒಂದು ಲೋಟ ಕೆಡಿಸಿ ಕಲಿಯುವುದನ್ನೇ ನಾನು ಅಕ್ಕನ ಒಂದು ವರ್ಷ ಕೆಡಿಸಿ ಕಲಿತೆ. ಇಷ್ಟು ಹೇಳುವುದರೊಳಗೆ ನನಗೆ ಅಂದಿನ ಬೆನ್ನುನೋವೇ ಮರಳಿ ಬಂದ ಹಾಗಿದೆ. ಆದರೂ ಮೊಮ್ಮಗಳು ಬಿಡುವುದಿಲ್ಲ: "ಅದೆಲ್ಲಾ ಇರ್ಲಿ ಅಜ್ಜಾ, ಬಟ್ಟಲ ಯಾರಿಗೆ ಸಿಕ್ತು ಹೇಳು."

ಹೇಳುತ್ತೇನೆ. ಎಬ್ಬಿಸಿದ ಮೊಳಕೆಗಳು ಬಿಸಿಲು ಕಂಡು ನಿಧಾನವಾಗಿ ಹಸಿರಾದವು. ಕೊಳೆತ ಜಾಗ ಬೋಳಾಗಿಯೇ ಉಳಿಯಿತು. ಒಂದು ಮುಂಜಾನೆ ಅಪ್ಪ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಬಂದು, "ಬಿತ್ತಾಕ ಎಲ್ಲಾರಿಗೂ ಬರ್ತೈತಿ, ಎಬ್ಬಸಾಕ ನಿನಗ ಬಂತು. ಬಟ್ಟಲ ನಿಂದು," ಎಂದು ಅಕ್ಕನಿಗೆ ಹೇಳಿದ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಾನೂ ಎಬ್ಬಿಸೇನಲ್ಲ? ನನಗೇನೂ ಇಲ್ಲೇನು?"

ಅಪ್ಪ ತಿರುಗಿಯೂ ನೋಡಲಿಲ್ಲ. "ನಿನಗ ಒಡ್ಡು ಐತಲ್ಲಲೇ. ಅದರ ಮ್ಯಾಲ ಕುಂತು ಯಾರ ನಡಿಗಿ ಬೇಕಾದ್ರೂ ನಡಿ, ಕಾಲಿಲೆ ಅಲ್ಲ, ಬಾಯಿಲೆ."